ಅಪ್‌ಡೇಟ್: ಗ್ಲಾಕೋಮಾ ಹನಿ ಈಗ ಕಣ್ಣಿಗೇ ಬೀಳುತ್ತಿದೆ
ಗ್ಲಾಕೋಮಾಗೆ (ಕಣ್ಣಿನ ನರ ಹಾಳಾಗುವ ಕಾಯಿಲೆ) ಹಾಕುವ ಹನಿ ಕೆನ್ನೆಗೆ ಜಾರುತ್ತದೆ, ಬಾಟಲಿ ಬೇಗ ಖಾಲಿಯಾಗುತ್ತದೆ, ಏನು ಮಾಡಲಿ ಅಂತ ಹಿಂದೆ ಇಲ್ಲಿ ಕೇಳಿದ್ದೆನಲ್ಲ. ಫಲ ಕೊಟ್ಟಿದ್ದು ಮಲಗಿಕೊಂಡು ಹಾಕುವ ಸಲಹೆ. ಒಂದು ಬೆರಳಲ್ಲಿ ಕೆಳರೆಪ್ಪೆ ಎಳೆದು ಜೇಬಿನಂತೆ ಮಾಡಿ, ಬಾಟಲಿ ಹಿಡಿದ ಕೈಯನ್ನು ಆ ಕೈಯ ಮೇಲೇ ಊರಬೇಕು. ನಡುಗಿದರೂ ಎರಡೂ ಒಟ್ಟಿಗೆ ಅಲುಗುವುದರಿಂದ ಗುರಿ ತಪ್ಪದು. ಕನ್ನಡಿ ನೋಡಿಕೊಂಡು ಹಾಕುವ ಉಪಾಯ ಆಗಲಿಲ್ಲ. ತಲೆ ಹಿಂದಕ್ಕೆ ಬಾಗಿಸಿದರೆ ಕನ್ನಡಿಯೇ ಕಾಣುವುದಿಲ್ಲ, ಬಾಟಲಿಯ ತುದಿ ರೆಪ್ಪೆಗೆ ತಾಗುತ್ತದೆ.

ಅಚ್ಚರಿಯೆಂದರೆ, ಕಣ್ಣಲ್ಲಿ ಒಂದು ಹನಿಯೂ ಪೂರ್ತಿ ನಿಲ್ಲುವುದಿಲ್ಲ. ಎರಡನೆಯದು ಬರೀ ನಷ್ಟ! ಹಾಕಿದ ಮೇಲೆ ಪಿಳುಕಿಸದೆ ಕಣ್ಣು ಮುಚ್ಚಿ, ಮೂಗಿನ ಕಡೆಯ ಮೂಲೆಯನ್ನು 2 ನಿಮಿಷ ಮೆಲ್ಲಗೆ ಒತ್ತಿ ಹಿಡಿಯಿರಿ. ಟಿಮೊಲಾಲ್ ಎಂಬ ಗ್ಲಾಕೋಮಾ ಹನಿ ಬಳಸುವವರು ಇದನ್ನು ದಯವಿಟ್ಟು ಬಿಡಬೇಡಿ: ಆ ಮೂಲೆಯಿಂದ ಮೂಗಿಗಿಳಿದು ರಕ್ತಕ್ಕೆ ಸೇರಿದರೆ ಅದು ನಾಡಿಬಡಿತ ತಗ್ಗಿಸಬಲ್ಲದು. ಇನ್ನೊಂದು ಔಷಧವಿದ್ದರೆ ನಡುವೆ 5 ನಿಮಿಷ ಬಿಡಿ.