ಹಳೇ ಫೋನಿನಲ್ಲಿ ಕನ್ನಡ ಮೆಸೇಜು ಬರೀ ಚೌಕಗಳು

ಪ್ರಶ್ನೆ: ಅಪ್ಪ 2011ರಲ್ಲಿ ಕೊಂಡಿದ್ದ ಸ್ಮಾರ್ಟ್‌ಫೋನು ಬೀರುವಿನಲ್ಲಿ ಸಿಕ್ತು. ಚಾರ್ಜಿಗೆ ಹಾಕಿದೆ, ಆನ್ ಆಯ್ತು. ಅಣ್ಣ ಕನ್ನಡದಲ್ಲಿ ಕಳಿಸಿದ್ದ ಮೆಸೇಜುಗಳೆಲ್ಲ ಸಾಲುಸಾಲು ಚೌಕ. ಅಪ್ಪ ಈಗಿಲ್ಲ. ಅವರು ಓದಲೇ ಇಲ್ಲವಲ್ಲ ಅಂತ ಸಂಕಟ. ಅಕ್ಷರಗಳು ಹೋಗೇಬಿಟ್ವಾ?

ಉತ್ತರ 1: ಹೋಗಿಲ್ಲ. ಪ್ರತಿ ಅಕ್ಷರಕ್ಕೂ ಇರೋ ಯೂನಿಕೋಡ್ ಸಂಕೇತಗಳು (ಸಂಖ್ಯೆಗಳು) ಹಾಗೇ ಇರ್ತವೆ, ತೋರಿಸೋಕೆ ಫಾಂಟ್ ಇಲ್ಲ ಅಷ್ಟೇ. ಆಂಡ್ರಾಯ್ಡಿಗೆ ಕನ್ನಡ ಬಂದದ್ದೇ 2012ರ 4.1 ಆವೃತ್ತಿಯಲ್ಲಿ. ಹೊಸ ಫೋನಿಗೆ ಫಾರ್ವರ್ಡ್ ಮಾಡಿ.

ಉತ್ತರ 2: ಆಗ ನಾವು ಒಪೆರಾ ಮಿನಿ ಬ್ರೌಸರಿನ ಸೆಟ್ಟಿಂಗಿನಲ್ಲಿ ಬಿಟ್‌ಮ್ಯಾಪ್ ಫಾಂಟಿಗೆ 'ಯೆಸ್' ಕೊಟ್ಟು ಕನ್ನಡ ಪತ್ರಿಕೆ ಓದ್ತಿದ್ವಿ. ಅಕ್ಷರಗಳು ಚಿತ್ರವಾಗಿ ಬರ್ತಿದ್ವು. ಮೆಸೇಜಿಗೆ ಅದು ನಡೀತಿರಲಿಲ್ಲ.

ಪ್ರಶ್ನೆ ಕೇಳಿದವರು: ಫಾರ್ವರ್ಡ್ ಮಾಡಿದೆ, ಬಂತು! ಮೊದಲನೇದು: 'ಅಪ್ಪಾ, ಮಾತ್ರೆ ತಗೊಂಡ್ರಾ?' ಅಣ್ಣನಿಗೆ ಈಗಲೇ ಫೋನ್ ಮಾಡ್ತೀನಿ.