‘ಕ್ಷಯೇತರ’ ಅಂದರೆ ರೋಗಿಗೆ ಕೇಳಿಸುವುದು ಏನು?

ಎಲ್ಲರಿಗೂ ನಮಸ್ಕಾರ.

ಎನ್‌ಟಿಎಂ ಎಂಬ ರೋಗಾಣುಗಳಿಗೆ ಕನ್ನಡದಲ್ಲಿ ಏನನ್ನಬೇಕು? ಪೂರ್ತಿ ಹೆಸರು ನಾನ್‌ಟ್ಯೂಬರ್‌ಕ್ಯುಲಸ್ ಮೈಕೋಬ್ಯಾಕ್ಟೀರಿಯಾ. ಟಿಬಿ ಮತ್ತು ಕುಷ್ಠದ ರೋಗಾಣುಗಳನ್ನು ಬಿಟ್ಟರೆ ಆ ಕುಲದಲ್ಲಿ ಉಳಿದವೆಲ್ಲ ಇವೇ. 150ಕ್ಕೂ ಜಾಸ್ತಿ ಬಗೆ ಇವೆ. ನೀರು, ಮಣ್ಣಿನಲ್ಲಿ ಇರುತ್ತವೆ, ಬಹುಪಾಲು ಜನರಿಗೆ ಏನೂ ಮಾಡುವುದಿಲ್ಲ. ಸಿಒಪಿಡಿ ಎಂಬ ದೀರ್ಘಕಾಲದ ಶ್ವಾಸಕೋಶದ ಕಾಯಿಲೆ ಇರುವವರು, ಶ್ವಾಸನಾಳ ಹಿಗ್ಗಿ ಕಫ ಕಟ್ಟುವವರು, ಹೆಚ್ಚಾಗಿ ಇಂಥವರ ಎದೆಯಲ್ಲಿ ಕೆಲವು ಸಲ ಬೇರು ಬಿಡುತ್ತವೆ.

ನಮ್ಮ ಸೋದರತ್ತೆಗೆ ಎಷ್ಟೋ ವರ್ಷದಿಂದ ದಮ್ಮು. ಹೋದ ವರ್ಷ ಕಫದ ರಿಪೋರ್ಟಿನಲ್ಲಿ ‘ಎಎಫ್‌ಬಿ ಪಾಸಿಟಿವ್’ ಅಂತ ಬಂತು, ಅಂದರೆ ಆಮ್ಲ ಹಾಕಿದರೂ ಬಣ್ಣ ಬಿಡದ ಕಡ್ಡಿಯಂಥ ರೋಗಾಣು ಕಂಡಿದೆ ಅಂತ. ಬಣ್ಣ ಹಾಕಿ ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಟಿಬಿಯದ್ದೂ ಇದೂ ಒಂದೇ ಥರ ಕೆಂಪು ಕಡ್ಡಿಗಳು. ಅವತ್ತೇ ಅವರ ತಟ್ಟೆ, ಲೋಟ ಬೇರೆಯಾಯಿತು. ಕೆಲವು ವಾರದ ಮೇಲೆ ಕಲ್ಚರ್, ಅಂದರೆ ರೋಗಾಣುವನ್ನು ಬೆಳೆಸಿ ನೋಡುವ ಪರೀಕ್ಷೆಯ ರಿಪೋರ್ಟ್ ಬಂದು ಟಿಬಿ ಅಲ್ಲ ಅಂತಾಯಿತು. ಡಾಕ್ಟರು ‘ಟಿಬಿ ಜಾತಿದೇ ಅಮ್ಮ, ಆದ್ರೆ ಟಿಬಿ ಅಲ್ಲ’ ಅಂದರು. ಅತ್ತೆಗೆ ಕೇಳಿಸಿದ್ದು ಟಿಬಿ ಒಂದೇ. ಆ ಲೋಟವನ್ನು ಇವತ್ತಿಗೂ ಅವರೇ ಬೇರೆ ತೊಳೆದಿಡುತ್ತಾರೆ.

‘ಕ್ಷಯೇತರ’ ಅನ್ನಬಹುದು. ಸರ್ಕಾರೇತರ ಇದ್ದ ಹಾಗೆ, ಓದುವವರಿಗೆ ಥಟ್ಟನೆ ತಿಳಿಯುತ್ತದೆ. ಆದರೆ ಕಿವಿಗೆ ಮೊದಲು ಬೀಳುವುದು ಕ್ಷಯ, ‘ಇತರ’ ಅದರ ಬಾಲದಲ್ಲಿ ಕರಗಿಹೋಗುತ್ತದೆ. ‘ಅಕ್ಷಯ’ವಂತೂ ಆಗುವುದೇ ಇಲ್ಲ, ಅದು ಅಕ್ಷಯ ತದಿಗೆಯ ಮಾತು.

‘ಸೋಂಕು’ ಕೂಡ ನನ್ನನ್ನು ಕಾಡುತ್ತಿದೆ. ಸೋಂಕು ಅಂದರೆ ಮೊದಲಿಗೆ ತಾಕುವುದು, ಮುಟ್ಟುವುದು ಅಲ್ವಾ? ಈ ಕಾಯಿಲೆ ಸಾಮಾನ್ಯವಾಗಿ ಒಬ್ಬರಿಂದ ಒಬ್ಬರಿಗೆ ಹರಡುವುದಿಲ್ಲ. ಕಫದಲ್ಲಿ ಒಮ್ಮೆ ಸಿಕ್ಕ ಮಾತ್ರಕ್ಕೆ ಕಾಯಿಲೆ ಅಂತಲೂ ಅಲ್ಲ. ಕಫದ ಕಲ್ಚರಿನಿಂದ ತೀರ್ಮಾನಿಸುವಾಗ ಕನಿಷ್ಠ ಎರಡು ಬೇರೆ ಬೇರೆ ಮಾದರಿಗಳಲ್ಲಿ ಅದೇ ಬಗೆ ಬೆಳೆಯಬೇಕು. ಸುಮ್ನೆ ಬಂದು ಕೂತಿರುವುದಕ್ಕೆ ‘ಬೀಡುಬಿಟ್ಟಿದೆ’ ಅಂದರೆ ಹೇಗೆ?

ಬಿಡಿಬಿಡಿಯಾಗಿ ಇವಕ್ಕೆ ಒಳ್ಳೆಯ ಹೆಸರುಗಳಿವೆ. ಏವಿಯಂ ಹಕ್ಕಿಯಿಂದ, ಕನ್ಸಾಸಿ ಅಮೆರಿಕದ ಕನ್ಸಾಸ್‌ನಿಂದ. ಜೆನೋಪಿ ಮೊದಲು ಸಿಕ್ಕಿದ್ದು ಜೆನೋಪಸ್ ಎಂಬ ಕಪ್ಪೆಯಲ್ಲಿ. ಇಡೀ ಗುಂಪಿಗೆ ಮಾತ್ರ ‘ಅಲ್ಲ’ ಅನ್ನುವುದೇ ಹೆಸರು.

ನನಗೆ ತೋಚಿದ್ದು ‘ನೀರು-ಮಣ್ಣಿನ ಮೈಕೋಬ್ಯಾಕ್ಟೀರಿಯಾ’. ಇಂಗ್ಲಿಷಿನಲ್ಲೂ ಪರಿಸರದ ಹೆಸರಿಟ್ಟು ಕರೆಯುವ ರೂಢಿ ಇದೆ. ಆದರೆ ಇದನ್ನು ಕೇಳಿದವರು ನಲ್ಲಿ ನೀರಿಗೇ ಹೆದರಿಬಿಟ್ಟರೆ ಅನ್ನುವ ಅಳುಕೂ ಇದೆ.

ಇಲ್ಲಿ ಡಾಕ್ಟರು, ನರ್ಸ್‌ಗಳು ಇದ್ದೀರಿ. ರೋಗಿಯ ಪಕ್ಕ ಕೂತು ಹೇಳುವಾಗ ನೀವು ಯಾವ ಮಾತು ಬಳಸುತ್ತೀರಿ?