ಕಲ್ಲು ಯಾಕೆ ಹಸಿರಾಯ್ತು: ಮನೆ ಗುಂಪಿನಲ್ಲಿ ಪ್ರಿಂಟರ್ ಚರ್ಚೆ

*ಭಾನುವಾರ, ಸಂಜೆ 6:40*

ಚಿಕ್ಕಮಗಳೂರು ಅಕ್ಕ: [ಫೋಟೊ] ಪ್ರಿಂಟರ್ ಹಾಸನದಿಂದ ಇಲ್ಲಿಗೆ ಬಂದ್ಮೇಲೆ ಪ್ರಿಂಟ್ ಹೀಗೆ ಬರ್ತಿದೆ. ಬೇಲೂರು ದೇವಸ್ಥಾನದ್ದು, ನಿಂತ ಫೋಟೊ, ಗ್ಲಾಸಿ ಪೇಪರ್, 4×6. ಕಲ್ಲು ಹಸಿರು ಹೊಡೀತಿದೆ. ಮೇಲೆ ಆಕಾಶದಲ್ಲಿ ಅಡ್ಡ ಗೆರೆ.

ಬೇಲೂರು ಚಿಕ್ಕಪ್ಪ: [ಫಾರ್ವರ್ಡ್ ಮಾಡಿದ ಸಂದೇಶ] ಪ್ರಿಂಟ್‌ನಲ್ಲಿ ಗೆರೆ ಬಂದರೆ ಅಂಗಡಿಗೆ ಹೋಗಬೇಡಿ! ಹೆಡ್ ಕ್ಲೀನಿಂಗ್ 6 ಸಲ ಒತ್ತಿ. ಆಗಲೂ ಹೋಗದಿದ್ದರೆ ಬಿಸಿನೀರಿಗೆ ಸ್ಯಾನಿಟೈಸರ್ ಬೆರೆಸಿ ಸಿರಿಂಜ್‌ನಲ್ಲಿ ಹೆಡ್‌ಗೆ ಬಿಡಿ. ಎಲ್ಲಾ ಪ್ರಿಂಟರ್‌ಗೂ ಆಗುತ್ತದೆ. ಎಲ್ಲರಿಗೂ ಕಳಿಸಿ.

ಹಾಸನ ಅಣ್ಣ: ಅಕ್ಕಾ, ದಯವಿಟ್ಟು ಇದನ್ನ ಮಾಡ್ಬೇಡ. ಚಿಕ್ಕಪ್ಪ, ಬೇಜಾರ್ ಮಾಡ್ಕೋಬೇಡಿ, ಆ ಮೆಸೇಜಲ್ಲಿ "ಎಲ್ಲಾ ಪ್ರಿಂಟರ್‌ಗೂ" ಅನ್ನೋದೇ ತಪ್ಪು.

ಬೇಲೂರು ಚಿಕ್ಕಪ್ಪ: ತಪ್ಪು ಹೆಂಗಪ್ಪಾ? ಬಿಸಿನೀರಲ್ಲಿ ಕಾರ್ಟ್ರಿಜ್ ಸರಿಯಾಗೋದನ್ನ ಎಷ್ಟು ಜನ ಮಾಡಿದಾರೆ.

ಹಾಸನ ಅಣ್ಣ: ಕಾರ್ಟ್ರಿಜ್‌ಗೆ ಸರಿ. ಇಂಕ್ ಚಿಮ್ಮಿಸೋ ಹೆಡ್ ಕಾರ್ಟ್ರಿಜ್‌ನ ಹೊಟ್ಟೇಲೇ ಇರೋ ಪ್ರಿಂಟರ್‌ಗೆ ಅದು ನಡೆಯುತ್ತೆ, ಕಾರ್ಟ್ರಿಜ್ ಬದಲಾಯಿಸಿದ್ರೆ ಹೆಡ್ಡೂ ಹೊಸದು. ನಮ್ದು ಆರು ಬಣ್ಣದ ಟ್ಯಾಂಕ್ ಪ್ರಿಂಟರ್, ಪೀಜೊ ಹೆಡ್ (ಕರೆಂಟಿಗೆ ಅದುರೋ ಹರಳು ಇಂಕ್ ತಳ್ಳೋ ಥರದ್ದು). ಅದು ಒಳಗೇ ಕೂತಿರುತ್ತೆ, ಮನೇಲಿ ಬಿಚ್ಚೋ ವಸ್ತು ಅಲ್ಲ. ಸಿರಿಂಜಲ್ಲಿ ಒತ್ತಡ ಕೊಟ್ರೆ ಒಂದು ಬಣ್ಣ ಇನ್ನೊಂದಕ್ಕೆ ನುಗ್ಗುತ್ತೆ, ಒಳಗಿನ ಸೀಲ್ ಹೋಗುತ್ತೆ, ನೀರು ಮೇಲಿನ ಸರ್ಕ್ಯೂಟ್‌ಗೆ ಬಿದ್ರೆ ಹೆಡ್ ಸುಟ್ಟೇ ಹೋಗುತ್ತೆ. ಸ್ಯಾನಿಟೈಸರ್‌ನಲ್ಲಿ ಗ್ಲಿಸರಿನ್ ಇರುತ್ತೆ, ಜೆಲ್ ಆಗೋಕೆ ಗಟ್ಟಿ ಮಾಡೋ ಪದಾರ್ಥ ಇರುತ್ತೆ. ಕೂದಲಿಗಿಂತ ಸಣ್ಣ ತೂತಿಗೆ ಅದನ್ನ ಬಿಟ್ರೆ ಕಟ್ಟಿಕೊಂಡಿರೋದು ಬಿಡೋದಿಲ್ಲ, ಇನ್ನೂ ಕಟ್ಟಿಕೊಳ್ಳುತ್ತೆ.

ಮೂಡಿಗೆರೆ ಭಾವ: ಸಿರಿಂಜ್ ಬೇಡ ಅನ್ನೋದು ಒಪ್ತೀನಿ. ಆದ್ರೆ ಕ್ಲೀನಿಂಗ್ ಒತ್ತೋದ್ರಲ್ಲಿ ಏನು ತಪ್ಪು? ಪವರ್ ಕ್ಲೀನಿಂಗ್ ಅಂತಾನೇ ಒಂದು ಆಪ್ಷನ್ ಇದೆ. ಒಂದು ಸಲ ಹೊಡೆದ್ರೆ ಮುಗೀತು.

ಹಾಸನ ಅಣ್ಣ: ಭಾವ, ಏನು ಕಾಯಿಲೆ ಅಂತ ನೋಡ್ದೆ ಔಷಧಿ ಕೊಡೋದು ಬೇಡ. ಅಕ್ಕಾ, ಮೊದಲು ಮೇಂಟೆನೆನ್ಸ್‌ಗೆ ಹೋಗಿ ನಾಜಲ್ ಚೆಕ್ ಹಾಕು, ಹೆಡ್ಡಿನ ಪ್ರತಿ ತೂತಿಂದ ಇಂಕ್ ಬರ್ತಿದೆಯಾ ಅಂತ ತೋರಿಸೋ ಗೆರೆಗಳ ಪ್ರಿಂಟ್ ಅದು. ಫೋಟೊ ಪೇಪರ್ ದಂಡ ಮಾಡ್ಬೇಡ, ಸಾದಾ ಎ4 ಸಾಕು. ಒಂದು ಹಾಕಿ, ಐದು ನಿಮಿಷ ಬಿಟ್ಟು ಇನ್ನೊಂದು ಹಾಕು. ಮಧ್ಯೆ ಕ್ಲೀನಿಂಗ್ ಬೇಡ. ಎರಡನ್ನೂ ಬೆಳಕಲ್ಲಿ ಇಟ್ಟು ಫೋಟೊ ಕಳ್ಸು. ಲೈಟ್ ಸಯಾನ್ (ತೆಳು ಆಕಾಶನೀಲಿ), ಲೈಟ್ ಮಜೆಂಟಾ (ತೆಳು ಗುಲಾಬಿ), ಹಳದಿ ಈ ಮೂರರ ಗೆರೆ ಕಣ್ಣಿಗೆ ಸರಿಯಾಗಿ ಕಾಣಲ್ಲ, ಹತ್ತಿರದಿಂದ ತೆಗಿ.

*ಸಂಜೆ 7:15*

ಚಿಕ್ಕಮಗಳೂರು ಅಕ್ಕ: [2 ಫೋಟೊ] ಕಪ್ಪು, ಸಯಾನ್, ಮಜೆಂಟಾ, ಹಳದಿ, ಲೈಟ್ ಸಯಾನ್ ಐದೂ ಪೂರ್ತಿ ಇದೆ. ಲೈಟ್ ಮಜೆಂಟಾದಲ್ಲಿ ಅರ್ಧದಷ್ಟು ಗೆರೆ ಇಲ್ಲ. ಮೊದಲನೇದ್ರಲ್ಲಿ ಬಿಟ್ಟ ಜಾಗ ಮೇಲಿದೆ, ಎರಡನೇದ್ರಲ್ಲಿ ಮಧ್ಯಕ್ಕೆ ಬಂದಿದೆ.

ಹಾಸನ ಅಣ್ಣ: ಕಲ್ಲು ಹಸಿರಾಗಿದ್ದು ಇದಕ್ಕೇ. ಬೂದು ಬಣ್ಣದ ತೆಳು ಭಾಗಗಳನ್ನ ಈ ಪ್ರಿಂಟರ್ ಬರೀ ಕಪ್ಪಿನಿಂದ ಮಾಡಲ್ಲ, ಲೈಟ್ ಸಯಾನ್, ಲೈಟ್ ಮಜೆಂಟಾ, ಹಳದಿ ಸೇರಿಸಿ ಕೂರಿಸುತ್ತೆ. ಮಜೆಂಟಾ ಕಡಿಮೆ ಬಿದ್ರೆ ಉಳಿಯೋದು ಸಯಾನ್, ಹಳದಿ, ಅಂದ್ರೆ ಹಸಿರು. ಅದೇ ಸಯಾನ್ ಬಿದ್ದಿಲ್ಲ ಅಂದ್ರೆ ಕೆಂಪು ಹೊಡೆಯೋದು, ಹಳದಿ ಬಿದ್ದಿಲ್ಲ ಅಂದ್ರೆ ನೀಲಿ. ಬೇಲೂರು, ಹಳೇಬೀಡಿನ ಬಳಪದ ಕಲ್ಲಿನ ಫೋಟೊಗಿಂತ ಒಳ್ಳೆ ಟೆಸ್ಟ್ ಪ್ರಿಂಟ್ ಬೇಡ, ಬೂದು ಸ್ವಲ್ಪ ವಾಲಿದ್ರೂ ಕಣ್ಣಿಗೆ ಹೊಡೆಯುತ್ತೆ.

ಇನ್ನೂ ಮುಖ್ಯ ಅಂದ್ರೆ, ಬಿಟ್ಟ ಜಾಗ ಸರಿದಿದೆ. ಇಂಕ್ ಒಣಗಿ ಕಟ್ಟಿದ್ರೆ ಪ್ರತಿ ಸಲ ಅದೇ ಜಾಗದ ಗೆರೆಗಳೇ ಬಿಟ್ಟುಹೋಗುತ್ತೆ. ಜಾಗ ಬದಲಾದ್ರೆ ಅದು ಇಂಕ್ ಟ್ಯೂಬಲ್ಲಿ ಸೇರಿದ ಗಾಳಿ. ಕಾರಲ್ಲಿ ವಾಲಿಸಿ ತಂದ್ರಾ? ಲೈಟ್ ಮಜೆಂಟಾ ಟ್ಯಾಂಕ್ ಎಷ್ಟಿದೆ ನೋಡು.

ಚಿಕ್ಕಮಗಳೂರು ಅಕ್ಕ: ಹಿಂದಿನ ಸೀಟಲ್ಲಿ ಮಲಗಿಸಿ ತಂದಿದ್ದು. ಟ್ಯಾಂಕ್ ಕೆಳಗಿನ ಗೆರೆಗೆ ಒಂದು ಕೂದಲು ಮೇಲಿದೆ.

ಮೂಡಿಗೆರೆ ಭಾವ: ಗಾಳಿ ಅಂದ್ಮೇಲೆ ಪವರ್ ಕ್ಲೀನಿಂಗೇ ಸರಿ ಅಲ್ವಾ? ಟ್ಯೂಬ್ ಪೂರ್ತಿ ಎಳೆದು ಹೊಸ ಇಂಕ್ ತುಂಬೋದೇ ಅದರ ಕೆಲಸ.

ಹಾಸನ ಅಣ್ಣ: ಕೆಲಸ ಅದೇ ಭಾವ, ಆದ್ರೆ ಈಗಲ್ಲ. ಟ್ಯಾಂಕ್ ಮೂರನೇ ಒಂದು ಭಾಗಕ್ಕಿಂತ ಕಡಿಮೆ ಇದ್ದಾಗ ಪವರ್ ಕ್ಲೀನಿಂಗ್ ಕೊಟ್ರೆ ಇಂಕ್ ಜೊತೆ ಗಾಳೀನೂ ಎಳೆಯುತ್ತೆ. ಈಗ ಒಂದು ಬಣ್ಣಕ್ಕೆ ಇರೋ ತೊಂದರೆ ಆಮೇಲೆ ಬೇರೆ ಬಣ್ಣಕ್ಕೂ ಬರಬಹುದು. ಎಳೆದಿದ್ದೆಲ್ಲ ಹೋಗೋದು ಕೆಳಗೆ ಇಂಕ್ ಹೀರೋ ಸ್ಪಂಜಿನ ಡಬ್ಬಿಗೆ, ಅಂದ್ರೆ ವೇಸ್ಟ್ ಇಂಕ್ ಪ್ಯಾಡ್‌ಗೆ. ಅದರ ಲೆಕ್ಕ ತುಂಬಿದ ದಿನ ಪ್ರಿಂಟರ್ ಪೂರ್ತಿ ನಿಂತು ಬಿಡುತ್ತೆ. ಕೆಲವು ಮಾದರಿಗಳಲ್ಲಿ ಆ ಡಬ್ಬಿ ನಾವೇ ಬದಲಾಯಿಸಬಹುದು, ಉಳಿದವಕ್ಕೆ ಸರ್ವಿಸ್ ಸೆಂಟರೇ ಗತಿ. ಆರು ಸಲ ಒತ್ತಿ ಅನ್ನೋ ಫಾರ್ವರ್ಡ್ ಬಗ್ಗೆ ನಂಗೆ ಸಿಟ್ಟು ಬಂದಿದ್ದು ಅದಕ್ಕೇ.

ಮೂಡಿಗೆರೆ ಭಾವ: ಸರಿ, ನಿನ್ನ ಕ್ರಮ ಹೇಳು.

ಹಾಸನ ಅಣ್ಣ: ಅಕ್ಕಾ, ಮೊದಲು ಲೈಟ್ ಮಜೆಂಟಾ ಮೇಲಿನ ಗೆರೆವರೆಗೆ ತುಂಬು, ಅದರಾಚೆ ಬೇಡ. ಬಾಟಲ್ ಮೇಲಿನ ಬಣ್ಣದ ಹೆಸರು ಎರಡು ಸಲ ಓದು, ಮಜೆಂಟಾ ಬೇರೆ, ಲೈಟ್ ಮಜೆಂಟಾ ಬೇರೆ. ಅದೇ ಮಾದರಿಗೆ ಹೇಳಿರೋ ಡೈ ಇಂಕ್ (ಬಣ್ಣ ಪೂರ್ತಿ ಕರಗಿರೋದು) ಆಗಿರ್ಬೇಕು, ಪಿಗ್ಮೆಂಟ್ ಇಂಕ್ (ಬಣ್ಣ ಸಣ್ಣ ಪುಡಿಯಾಗೇ ಇರೋದು) ಬೆರೆಸಿದ್ರೆ ಹೆಡ್ ಕಟ್ಟುತ್ತೆ. ಆಮೇಲೆ ಸಾದಾ ಕ್ಲೀನಿಂಗ್ ಒಂದು ಸಲ, ನಾಜಲ್ ಚೆಕ್. ಸುಧಾರಿಸಿದ್ರೆ ಇನ್ನೊಂದು ಸಲ. ಹೀಗೆ ಮೂರಕ್ಕೆ ನಿಲ್ಸು. ಪೂರ್ತಿ ಬರಲಿಲ್ಲ ಅಂದ್ರೆ ಬಟನ್ ಒತ್ತಿ ಆಫ್ ಮಾಡಿ 12 ಗಂಟೆ ಮುಟ್ಬೇಡ. ಸುಮ್ನಿದ್ರೆ ಗಾಳಿ ಗುಳ್ಳೆ ಮೇಲೇರುತ್ತೆ, ಗಟ್ಟಿ ಇಂಕ್ ಇದ್ರೂ ಮೆತ್ತಗಾಗುತ್ತೆ. ನಾಳೆ ಬೆಳಿಗ್ಗೆ ನೋಡೋಣ. ಅದಕ್ಕೂ ಬಗ್ಗಲಿಲ್ಲ ಅಂದ್ರೆ ಆರೂ ಟ್ಯಾಂಕ್ ತುಂಬಿಸಿ ಭಾವ ಹೇಳಿದ ಪವರ್ ಕ್ಲೀನಿಂಗ್ ಒಂದೇ ಸಲ.

ಮೂಡಿಗೆರೆ ಭಾವ: ಆಫ್ ಅಂದ್ರೆ ಪ್ರಿಂಟರ್ ಬಟನ್‌ನಲ್ಲೇ, ಗೋಡೆ ಸ್ವಿಚ್ ಅಲ್ಲ. ಬಟನ್ ಒತ್ತಿದ್ರೆ ಮಾತ್ರ ಹೆಡ್ ಪಕ್ಕಕ್ಕೆ ಹೋಗಿ ರಬ್ಬರ್ ಕ್ಯಾಪ್ ಮೇಲೆ ಕೂರುತ್ತೆ. ನಮ್ಮ ಕಡೆ ಮಳೇಲಿ ಕರೆಂಟ್ ಯಾವಾಗ ಹೋಗುತ್ತೋ ಗೊತ್ತಿಲ್ಲ. ಪ್ರಿಂಟ್ ಮಧ್ಯೆ ಹೋದ್ರೆ, ಬಂದ ತಕ್ಷಣ ಆನ್ ಮಾಡಿ, ಹೆಡ್ ತಾನಾಗೇ ಜಾಗಕ್ಕೆ ಹೋದ್ಮೇಲೆ ಬಟನ್‌ನಿಂದ ಆಫ್ ಮಾಡಿ. ತೆರೆದೇ ಬಿಟ್ರೆ ರಾತ್ರಿ ಕಳೆಯೋದ್ರೊಳಗೆ ಒಣಗುತ್ತೆ.

ಬೇಲೂರು ಚಿಕ್ಕಪ್ಪ: ಇದೆಲ್ಲ ಸರಿ. ಆದ್ರೆ ನನ್ನ ಮಾತು ಪೂರ್ತಿ ತಳ್ಳಿ ಹಾಕ್ಬೇಡಿ. ಕಾರ್ಟ್ರಿಜ್ ಪ್ರಿಂಟರ್ ಇರೋ ಮನೆಗಳೂ ಈ ಗುಂಪಲ್ಲಿ ಇದಾವೆ.

ಹಾಸನ ಅಣ್ಣ: ಅವರಿಗೆ ನೀವು ಹೇಳಿದ ಬಿಸಿನೀರು ಒಳ್ಳೇದೇ ಚಿಕ್ಕಪ್ಪ, ವಿಧಾನ ಮಾತ್ರ ಬೇರೆ. ಡಿಸ್ಟಿಲ್ಡ್ ವಾಟರ್ ಉಗುರು ಬೆಚ್ಚಗೆ ಮಾಡಿ, ಬೋರ್‌ವೆಲ್ ನೀರು ಬೇಡ, ಉಪ್ಪು ಕೂರುತ್ತೆ. ನೂಲು ಬಿಡದ ಬಟ್ಟೆ ನೆನೆಸಿ ಮಡಚಿ, ಕಾರ್ಟ್ರಿಜ್‌ನ ನಾಜಲ್ ಮುಖ ಕೆಳಗೆ ಮಾಡಿ ಒಂದೆರಡು ನಿಮಿಷ ಅದರ ಮೇಲೆ ಇಡಿ. ಉಜ್ಜಬೇಡಿ. ಒಣ ಬಟ್ಟೆ ಮೇಲೆ ಒತ್ತಿದಾಗ ಮೂರು ಬಣ್ಣದ ಪಟ್ಟೆ ಬೇರೆ ಬೇರೆ ಬಂದ್ರೆ ತೆರೆದಿದೆ ಅಂತ. ತಾಮ್ರದ ಬಿಂದುಗಳಿಗೆ ಬೆರಳು, ನೀರು ಎರಡೂ ತಾಗಬಾರದು.

ಬೇಲೂರು ಚಿಕ್ಕಪ್ಪ: ಹಾಗಾದ್ರೆ ಇದನ್ನೇ ಫಾರ್ವರ್ಡ್ ಮಾಡ್ತೀನಿ.

*ಸೋಮವಾರ, ಬೆಳಿಗ್ಗೆ 8:20*

ಚಿಕ್ಕಮಗಳೂರು ಅಕ್ಕ: [ಫೋಟೊ] ನಾಜಲ್ ಚೆಕ್ ಆರೂ ಪೂರ್ತಿ! ಪವರ್ ಕ್ಲೀನಿಂಗ್ ಬೇಕಾಗಲಿಲ್ಲ. ಕಲ್ಲು ಕಲ್ಲಿನ ಬಣ್ಣಕ್ಕೆ ಬಂತು. ಆದ್ರೆ ಆಕಾಶದಲ್ಲಿ ಗೆರೆ ಹಾಗೇ ಇದೆ.

ಮೂಡಿಗೆರೆ ಭಾವ: ಸ್ಕೇಲ್ ಇಟ್ಟು ಗೆರೆಯಿಂದ ಗೆರೆಗೆ ಎಷ್ಟು ಅಂತ ಅಳತೆ ಮಾಡು.

ಚಿಕ್ಕಮಗಳೂರು ಅಕ್ಕ: ಎರಡೂವರೆ ಸೆಂಟಿಮೀಟರ್. ಎಲ್ಲಾ ಕಡೆ ಅಷ್ಟೇ.

ಮೂಡಿಗೆರೆ ಭಾವ: ಹಾಗಿದ್ರೆ ಇಂಕ್ ವಿಷಯ ಅಲ್ಲ. ಒಂದೇ ಅಂತರದಲ್ಲಿ ಬಂದ್ರೆ ಪೇಪರ್ ಮುಂದೆ ಸರಿಯೋ ಲೆಕ್ಕ ತಪ್ತಿದೆ ಅಂತ. ಪೇಪರ್ ಟೈಪ್ ಏನು ಕೊಟ್ಟಿದೀಯ?

ಚಿಕ್ಕಮಗಳೂರು ಅಕ್ಕ: ಪ್ಲೇನ್ ಪೇಪರ್ ಅಂತಿದೆ, ನಾನು ಬದಲಾಯಿಸಿಲ್ಲ.

ಮೂಡಿಗೆರೆ ಭಾವ: ಅದನ್ನ ಗ್ಲಾಸಿಗೆ ಹಾಕು, ಕ್ವಾಲಿಟಿ ಹೈ. ಎಷ್ಟು ಇಂಕ್ ಬಿಡ್ಬೇಕು, ಪೇಪರ್ ಎಷ್ಟೆಷ್ಟು ಸರಿಸ್ಬೇಕು ಎರಡನ್ನೂ ಪ್ರಿಂಟರ್ ಆ ಸೆಟ್ಟಿಂಗ್ ನೋಡೇ ತೀರ್ಮಾನ ಮಾಡೋದು. ಆಮೇಲೆ ಹೆಡ್ ಅಲೈನ್‌ಮೆಂಟ್ (ಇಂಕ್ ಚುಕ್ಕೆ ಸರಿಯಾದ ಜಾಗಕ್ಕೆ ಬೀಳೋ ಹಾಗೆ ಹೊಂದಿಸೋದು) ಹಾಕು, ಸಾದಾ ಎ4 ಮೇಲೆ. ಪ್ರತಿ ಸಾಲಲ್ಲೂ ಗೆರೆ ಅತಿ ಕಡಿಮೆ ಕಾಣೋ ಚೌಕದ ನಂಬರ್ ಕೊಡ್ತಾ ಹೋಗು. ನಾಜಲ್ ಪೂರ್ತಿ ಇದ್ದಾಗ ಮಾತ್ರ ಇದಕ್ಕೆ ಅರ್ಥ. ನಿನ್ನೆ ಮಾಡಿದ್ರೆ ತಪ್ಪು ನಂಬರೇ ಆರಿಸ್ತಿದ್ದೆ. ಕೊನೇದಾಗಿ ಹೈ ಸ್ಪೀಡ್ ಅಥವಾ ಬೈಡೈರೆಕ್ಷನಲ್ ಟಿಕ್ ತೆಗಿ. ಆಗ ಹೆಡ್ ಒಂದೇ ದಿಕ್ಕಲ್ಲಿ ಹೋಗುವಾಗ ಮಾತ್ರ ಬಣ್ಣ ಬಿಡುತ್ತೆ. ಸಮಯ ಹೆಚ್ಚು, ಗೆರೆ ಕಡಿಮೆ.

ಹಾಸನ ಅಣ್ಣ: ಹೈ ಸ್ಪೀಡ್ ತೆಗೆಯೋದು ನಂಗೆ ಒಪ್ಪಿಗೆ ಇಲ್ಲ ಭಾವ. ಅಲೈನ್‌ಮೆಂಟ್ ಸರಿ ಇದ್ರೆ ಎರಡು ದಿಕ್ಕಲ್ಲೂ ಒಂದೇ ಥರ ಬೀಳುತ್ತೆ. ಮೊದಲು ಟಿಕ್ ಇಟ್ಟೇ ಹಾಕಲಿ.

ಮೂಡಿಗೆರೆ ಭಾವ: ಮುಳ್ಳಯ್ಯನಗಿರಿ ಮೇಲಿನ ಆಕಾಶ, ಕಾಫಿ ಹೂವಿನ ಬಿಳಿ, ಇಂಥ ನುಣುಪಾದ ಜಾಗದಲ್ಲಿ ವ್ಯತ್ಯಾಸ ಕಂಡೇ ಕಾಣುತ್ತೆ. ಒಂದೇ ಫೋಟೊ ಎರಡೂ ಥರ ಹಾಕಲಿ.

*ಬೆಳಿಗ್ಗೆ 10:05*

ಚಿಕ್ಕಮಗಳೂರು ಅಕ್ಕ: [2 ಫೋಟೊ] ಎರಡರಲ್ಲೂ ಗೆರೆ ಹೋಯ್ತು. ಬರಿಗಣ್ಣಿಗೆ ವ್ಯತ್ಯಾಸ ಕಾಣ್ತಿಲ್ಲ. ಇನ್ನೊಂದು, ಪೇಪರ್ ಅಂಚು ಮೇಲೆದ್ದು ಅಲ್ಲಲ್ಲಿ ಇಂಕ್ ಸವರಿದೆ.

ಹಾಸನ ಅಣ್ಣ: ಪ್ಯಾಕೆಟ್ ತೆರೆದಿಟ್ಟಿದ್ರೆ ತೇವ ಕುಡಿದಿರುತ್ತೆ. ಈ ಪ್ರಿಂಟರ್‌ಗಳಿಗೆ ಹೇಳಿರೋ ಮಿತಿ ಶೇ. 20ರಿಂದ 80ರವರೆಗಿನ ಆರ್ದ್ರತೆ. ಮಲೆನಾಡಿನ ಮಳೆಗಾಲ ಅದನ್ನ ಸುಲಭವಾಗಿ ದಾಟುತ್ತೆ. ಬೇಕಾದಷ್ಟೇ ಹಾಳೆ ತೆಗೆದು ಉಳಿದದ್ದು ಸಿಲಿಕಾ ಜೆಲ್ ಜೊತೆ ಜಿಪ್ ಕವರ್‌ಗೆ ಹಾಕು. ಬಾಗಿರೋ ಹಾಳೇನ ಉಲ್ಟಾ ದಿಕ್ಕಿಗೆ ಮೆಲ್ಲಗೆ ಬಗ್ಗಿಸಿ ಸಮ ಮಾಡು. ಅಂಚಿಲ್ಲದ ಪ್ರಿಂಟ್ ತುಂಬ ತೆಗೆದಿದ್ರೆ ಹೊರಗೆ ಚೆಲ್ಲಿದ ಇಂಕ್ ಒಳಗೆ ಕೂತು ಮುಂದಿನ ಹಾಳೆ ಬೆನ್ನಿಗೆ ಹತ್ತುತ್ತೆ. ಪೇಪರ್ ಕ್ಲೀನಿಂಗ್ ಆಪ್ಷನ್‌ನಲ್ಲಿ ಸಾದಾ ಹಾಳೆ ಕಲೆ ನಿಲ್ಲೋವರೆಗೂ ಓಡಿಸು.

ಬೇಲೂರು ಚಿಕ್ಕಪ್ಪ: ನಂಗೂ ಎರಡು ಎ4 ಬೇಕು. ಹಳೇಬೀಡಿಂದು ಗುಂಪಿಗೇ ಹಾಕಿದ್ನಲ್ಲ, ಅದನ್ನೇ ಹಾಕಮ್ಮ.

ಮೂಡಿಗೆರೆ ಭಾವ: ಅದು ಬೇಡ ಮಾವ. ಇಲ್ಲಿ ಮಾಮೂಲಾಗಿ ಹಾಕಿದ ಫೋಟೊ ಉದ್ದದ ಕಡೆ 1600 ಪಿಕ್ಸೆಲ್ ಆಸುಪಾಸಿಗೆ ಇಳಿಯುತ್ತೆ. ಎ4ಗೆ ಹಿಗ್ಗಿಸಿದ್ರೆ ಇಂಚಿಗೆ 137 ಪಿಕ್ಸೆಲ್, ಬೇಕಾಗಿರೋದು 300, ಅಂದ್ರೆ 2480×3508. ಮೊಬ್ಬಾಗಿ ಬಂದ್ಮೇಲೆ ಮತ್ತೆ ಪ್ರಿಂಟರ್ ಮೇಲೆ ಅನುಮಾನ. ಡಾಕ್ಯುಮೆಂಟ್ ಆಗಿ ಕಳಿಸಿ.

ಬೇಲೂರು ಚಿಕ್ಕಪ್ಪ: [ಡಾಕ್ಯುಮೆಂಟ್] [ಡಾಕ್ಯುಮೆಂಟ್]

ಚಿಕ್ಕಮಗಳೂರು ಅಕ್ಕ: ಬಂತು ಚಿಕ್ಕಪ್ಪ. ಇವತ್ತು ಹಾಕಿ ನಾಳೆವರೆಗೂ ಬಿಡಿಬಿಡಿಯಾಗಿ ಒಣಗಿಸ್ತೀನಿ. 24 ಗಂಟೆ ಆಗದೆ ಫ್ರೇಮ್‌ಗೆ ಹಾಕ್ಬೇಡಿ, ತೇವ ಗಾಜಿಗೆ ಮಂಜು ಕಟ್ಟುತ್ತೆ. ಪ್ರಿಂಟರ್ ಮುಂದೆ ಯಾರ ಮನೆಗೆ?

ಹಾಸನ ಅಣ್ಣ: ಮಳೆ ಮುಗಿಯೋವರೆಗೂ ಹಾಸನಕ್ಕೇ ಬರಲಿ, ಇಲ್ಲಿ ತೇವ ಸ್ವಲ್ಪ ಕಡಿಮೆ.

ಮೂಡಿಗೆರೆ ಭಾವ: ಮತ್ತೆ ಸಾಗಿಸಿದ್ರೆ ಮತ್ತೆ ಟ್ಯೂಬಲ್ಲಿ ಗಾಳಿ. ಅಲ್ಲೇ ಇರಲಿ, ವಾರಕ್ಕೊಂದು ಬಣ್ಣದ ಪ್ರಿಂಟ್ ತೆಗೀತಾ ಇದ್ರೆ ಆಯ್ತು.

ಹಾಸನ ಅಣ್ಣ: ಟ್ಯಾಂಕ್ ಮುಚ್ಚಳ ಬಿಗಿ ಮಾಡಿ, ಸಾಗಣೆ ಲಾಕ್ ಇದ್ರೆ ತಿರುಗಿಸಿ, ಸಮತಟ್ಟಾಗಿ ತಂದ್ರೆ ಏನೂ ಆಗಲ್ಲ ಭಾವ.

ಚಿಕ್ಕಮಗಳೂರು ಅಕ್ಕ: ನಂಗೆ ಬೇಕಾದ 40 ಪ್ರಿಂಟ್ ಮುಗಿಯೋವರೆಗೂ ಇದು ಇಲ್ಲಿಂದ ಅಲ್ಲಾಡಲ್ಲ. ಯಾರಾದ್ರೂ ಬರೋದಾದ್ರೆ ಲೈಟ್ ಸಯಾನ್ ಬಾಟಲ್ ಒಂದು ತನ್ನಿ, ಅದೂ ಅರ್ಧಕ್ಕಿಂತ ಕೆಳಗಿದೆ.